ಮೋಚಿ ಮುತ್ಸದ್ದಿಯಾದ ಕಥೆ

ದುಡಿಮೆಯ ಮಹಿಮೆಯನ್ನು ಕುರಿತು ಭಾಷಣ ಮಾಡಹೊರಟವರಿಗೆ ಅಮೆರಿಕದ ಚರಿತ್ರೆಯೊಂದು ಅಕ್ಷಯಪಾತ್ರೆ. ಮರ ಕಡಿಯುತ್ತಿದ್ದವನು ಅಧ್ಯಕ್ಷನಾದ, ಅಚ್ಚುಮೊಳೆ ಜೋಡಿಸುತ್ತಿದ್ದವನು ರಾಯಭಾರಿಯಾದ, ಜೋಡು ಹೊಲಿಯುತ್ತಿದ್ದವನು ಶಾಸನಕರ್ತನಾದ ಎಂದು ಒಂದೇ ಉಸಿರಿನಲ್ಲಿ ಹೇಳಿ, ಎದುರು ಕುಳಿತ ಹುಡುಗರ ಕಡೆ ಬೆರಳು ತೋರಿಸಿ, 'ನೀವೇಕೆ ಆಗಬಾರದು?' ಎಂದು ಕೇಳಿದರೆ ಚಪ್ಪಾಳೆ ಖಂಡಿತ. ಮೊದಲನೆಯವನು ಲಿಂಕನ್ನನೆಂದೂ ಎರಡನೆಯವನು ಫ್ರಾಂಕ್ಲಿನ್ನನೆಂದೂ ಎಲ್ಲರಿಗೂ ಗೊತ್ತು. ಮೂರನೆಯವನ ಹೆಸರು ರೋಜರ್ ಷರ್ಮನ್. ಹೆಸರು ಅಷ್ಟಾಗಿ ಪರಿಚಿತವಲ್ಲ; ಆದುದರಿಂದಲೇ ಭಾಷಣಕಾರರು ಅವನನ್ನು ಹೇಗೆ ಬೇಕಾದರೂ ಬಳಸಿಕೊಳ್ಳುತ್ತಾರೆ.

ಈ ಕಥೆಯ ಮೇಲೆ ನನಗೊಂದು ತಕರಾರಿದೆ. ಕಥೆ ಸುಳ್ಳೆಂದು ನಾನು ಹೇಳುತ್ತಿಲ್ಲ. ನಿಜವಾದ ಸಂಗತಿಗಳನ್ನೇ ಜೋಡಿಸಿ ನಿಜವಲ್ಲದ ಮಾತನ್ನು ಹೇಳಿಸಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲವೆಂದಷ್ಟೇ ಹೇಳುತ್ತಿದ್ದೇನೆ.

ಮೊದಲು ಸಂಗತಿಗಳು. ಷರ್ಮನ್ ಹುಟ್ಟಿದುದು 1721ರ ಏಪ್ರಿಲ್ 19ರಂದು, ಮೆಸಾಚುಸೆಟ್ಸಿನ ನ್ಯೂಟನ್ ಎಂಬ ಊರಿನಲ್ಲಿ. ಬೆಳೆದುದು ಸ್ಟೌಟನ್ನಿನಲ್ಲಿ. ತಂದೆ ಬೇಸಾಯಗಾರ, ಜೊತೆಗೆ ಜೋಡು ಹೊಲಿಯುವ ಕಸುಬುದಾರ. ಮಗನಿಗೂ ಅದೇ ಕಸುಬು ಕೈಗೆ ಬಂದಿತು. 1741ರಲ್ಲಿ ತಂದೆ ತೀರಿಕೊಂಡನು. ಎರಡು ವರ್ಷ ಕಳೆದು ಸಂಸಾರ ಕನೆಕ್ಟಿಕಟ್ಟಿನ ನ್ಯೂ ಮಿಲ್‌ಫರ್ಡಿಗೆ ಹೋಗಿ ನೆಲಸಿತು. ಅಣ್ಣ ಮೊದಲೇ ಅಲ್ಲಿದ್ದನು. ಷರ್ಮನ್ ತನ್ನ ಕಸುಬಿನ ಸಾಮಾನನ್ನು ಬೆನ್ನಿಗೆ ಕಟ್ಟಿಕೊಂಡು ಅಷ್ಟು ದೂರವೂ ನಡೆದೇ ಬಂದನೆಂದು ಪ್ರತೀತಿ. 1745ರಲ್ಲಿ ಭೂಮಾಪಕನಾದನು. ಅಣ್ಣನೊಡನೆ ಅಂಗಡಿ ಇಟ್ಟನು. 1750ರಿಂದ ಹಲವು ವರ್ಷ ತಾನೇ ಗ್ರಹಗತಿ ಗುಣಿಸಿ ಪಂಚಾಂಗ ಅಚ್ಚು ಹಾಕಿಸಿದನು. 1754ರಲ್ಲಿ ವಕೀಲನಾದನು, 1755ರಲ್ಲಿ ಕನೆಕ್ಟಿಕಟ್ಟಿನ ಶಾಸನಸಭೆಗೆ ಆರಿಸಿ ಬಂದನು. 1761ರಲ್ಲಿ ನ್ಯೂ ಹೇವನ್ನಿಗೆ ಬಂದು ನೆಲಸಿ, 1765ರಿಂದ ಹನ್ನೊಂದು ವರ್ಷ ಯೇಲ್ ಕಾಲೇಜಿನ ಕೋಶಾಧಿಕಾರಿಯಾಗಿದ್ದನು. 1766ರಿಂದ 1789ರವರೆಗೆ ಮೇಲಿನ ನ್ಯಾಯಾಲಯದ ನ್ಯಾಯಾಧೀಶ. 1784ರಿಂದ ಸಾಯುವವರೆಗೆ ನ್ಯೂ ಹೇವನ್ ನಗರದ ಮೇಯರ್. 1774ರಿಂದ ಕಾಂಗ್ರೆಸಿನ ಸದಸ್ಯ. ಸ್ವಾತಂತ್ರ್ಯ ಘೋಷಣೆಯ ಕರಡನ್ನು ಸಿದ್ಧಪಡಿಸಲು ನೇಮಕವಾದ ಐವರಲ್ಲಿ ಒಬ್ಬ. 1774ರ ವ್ಯಾಪಾರ ಬಹಿಷ್ಕಾರದ ಒಡಂಬಡಿಕೆ, 1776ರ ಸ್ವಾತಂತ್ರ್ಯ ಘೋಷಣೆ, ಆಮೇಲಿನ ಒಕ್ಕೂಟದ ನಿಬಂಧನೆಗಳು, 1787ರ ರಾಜ್ಯಾಂಗ ಈ ನಾಲ್ಕಕ್ಕೂ ರುಜು ಹಾಕಿದವನು ಇಡೀ ಅಮೆರಿಕದಲ್ಲಿ ಇವನೊಬ್ಬನೇ. ವಾಷಿಂಗ್ಟನ್ನನೂ ಅಲ್ಲ, ಫ್ರಾಂಕ್ಲಿನ್ನನೂ ಅಲ್ಲ, ಜೆಫರ್ಸನ್ನನೂ ಅಲ್ಲ. ಹೊಸ ರಾಜ್ಯಾಂಗದ ಅಡಿಯಲ್ಲಿ ಮೊದಲು ಪ್ರತಿನಿಧಿ ಸಭೆಗೂ 1791ರಲ್ಲಿ ಸೆನೆಟ್ಟಿಗೂ ಹೋಗಿ, 1793ರ ಜುಲೈ 23ರಂದು ತೀರಿಕೊಂಡನು. ಇಬ್ಬರು ಹೆಂಡತಿಯರು (ಮೊದಲನೆಯವಳು 1760ರಲ್ಲಿ ತೀರಿಕೊಂಡಳು), ಹದಿನೈದು ಮಕ್ಕಳು. ಇಷ್ಟೆಲ್ಲ ಮಾಡಲು ಅವನಿಗೆ ಹೊತ್ತೆಲ್ಲಿ ಸಿಕ್ಕಿತೋ!

ದೊಡ್ಡ ಬಾಳೆಂಬುದರಲ್ಲಿ ಸಂದೇಹವಿಲ್ಲ. ಈಗ ನನ್ನ ತಕರಾರು.

ಷರ್ಮನ್ನನ ಕಸುಬನ್ನು ಕನ್ನಡದಲ್ಲಿ ಹೇಳುವಾಗ ನಾವು 'ಮೋಚಿ' ಎನ್ನುತ್ತೇವೆ. ಮೋಸವಾಗುವುದು ಅಲ್ಲಿಯೇ. ಮೋಚಿ, ಸಮಗಾರ ಎಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ಕಾಣುವುದು ಬರಿಯ ಕಸುಬಲ್ಲ. ಊರ ಹೊರಗಿನ ಕೇರಿ, ಮುಟ್ಟಲಾಗದ ಕೈ, ತಲೆಮಾರುಗಳ ಅವಮಾನ ಎಲ್ಲವೂ ಆ ಒಂದು ಮಾತಿನ ಬೆನ್ನಿಗೆ ಬರುತ್ತವೆ. ಕಲ್ಯಾಣದಲ್ಲಿ ಹರಳಯ್ಯನ ಮನೆಗೆ ಮಧುವರಸನ ಮನೆಯಿಂದ ಹೆಣ್ಣು ತಂದಾಗ ಏನಾಯಿತೆಂಬ ಕಥೆ ತಿಳಿಯದ ಕನ್ನಡಿಗನುಂಟೆ? ಆದುದರಿಂದ 'ಮೋಚಿ ಶಾಸನಸಭೆಗೆ ಹೋದ' ಎಂದ ಕೂಡಲೆ ನಮಗೆ ರೋಮಾಂಚನವಾಗುತ್ತದೆ. ಪಾತಾಳದಿಂದ ಆಕಾಶಕ್ಕೆ ಏಣಿ ಹಾಕಿದನಲ್ಲ ಎಂದು ಬೆರಗಾಗುತ್ತೇವೆ.

ನ್ಯೂ ಇಂಗ್ಲೆಂಡಿನಲ್ಲಿ ಅಂತಹ ಪಾತಾಳವೇ ಇರಲಿಲ್ಲ. ಎಂದರೆ, ಜೋಡು ಹೊಲಿಯುವವನಿಗೆ ಇರಲಿಲ್ಲ. ಬೇಸಗೆಯಲ್ಲಿ ಹೊಲ ಗೇಯುವುದು, ಚಳಿಗಾಲದಲ್ಲಿ ಒಲೆಯ ಬಳಿ ಕುಳಿತು ಜೋಡು ಹೊಲಿಯುವುದು ಅಲ್ಲಿನ ಎಷ್ಟೋ ಸಂಸಾರಗಳ ಪದ್ಧತಿ. ಜೋಡು ಹೊಲಿಯುವವನು ಉಳಿದವರು ಕೂರುವ ಚರ್ಚಿನಲ್ಲಿಯೇ ಕೂರುತ್ತಿದ್ದನು, ಅವರ ಬಾವಿಯ ನೀರನ್ನೇ ಕುಡಿಯುತ್ತಿದ್ದನು, ಅವರ ಮಗಳನ್ನೇ ಮದುವೆಯಾಗುತ್ತಿದ್ದನು. ಆಸ್ತಿಯಿದ್ದರೆ ಊರಸಭೆಯಲ್ಲಿ ಅವನ ಕೈಗೂ ಮತವಿದ್ದಿತು. ಐವತ್ತು ಮನೆಗಳುಳ್ಳ ಊರು ಓದುಬರಹ ಕಲಿಸುವವನೊಬ್ಬನನ್ನು ನೇಮಿಸಬೇಕೆಂದು ಮೆಸಾಚುಸೆಟ್ಸಿನಲ್ಲಿ 1647ರಲ್ಲಿಯೇ ಕಾನೂನಾಗಿದ್ದಿತು. ಷರ್ಮನ್ ಹುಟ್ಟಿದುದು ಆ ಕಾನೂನಿಗೆ ಎಪ್ಪತ್ತನಾಲ್ಕು ವರ್ಷ ತುಂಬಿದ ಮೇಲೆ. ಸ್ಟೌಟನ್ನಿನ ಪಾದ್ರಿ ಸ್ಯಾಮ್ಯುಯೆಲ್ ಡನ್‌ಬಾರ್ ಹಾರ್ವರ್ಡಿನಲ್ಲಿ ಕಲಿತವನು. ಹುಡುಗನ ಬುದ್ಧಿ ಕಂಡು ಗಣಿತ ಮೊದಲಾದುವನ್ನು ಕಲಿಯಲು ನೆರವಾದನು. ನ್ಯೂ ಮಿಲ್‌ಫರ್ಡಿನಲ್ಲಿ ಕಾಡು ಕಡಿದು ಹೊಸ ಭೂಮಿ ಹಂಚುತ್ತಿದ್ದ ಕಾಲ. ಅಳೆಯಬಲ್ಲವನಿಗೆ ಕೂಲಿಯೂ ಉಂಟು, ಒಳ್ಳೆಯ ಜಮೀನು ಎಲ್ಲಿದೆಯೆಂಬ ಸುಳಿವೂ ಉಂಟು. ಷರ್ಮನ್ ಅಳೆದನು, ಕೊಂಡನು, ಮಾರಿದನು.

ಇದರಿಂದ ಅವನ ಶ್ರಮಕ್ಕೆ ಕುಂದು ಬರುವುದಿಲ್ಲ. ಅದೇ ಪಾದ್ರಿ, ಅದೇ ಶಾಲೆ, ಅದೇ ಭೂಮಿ ಇನ್ನೆಷ್ಟೋ ಮಂದಿಗೆ ಇದ್ದರೂ ಅವರೆಲ್ಲ ಷರ್ಮನ್ನರಾಗಲಿಲ್ಲ. ಹಾಗೆಂದು ಶಾಲೆ, ಪುಸ್ತಕ, ಭೂಮಿ, ಮತ ನಾಲ್ಕನ್ನೂ ಕಥೆಯಿಂದ ತೆಗೆದುಹಾಕಿ ಬರಿಯ ಉಳಿಯನ್ನೂ ಚರ್ಮವನ್ನೂ ಉಳಿಸಿಕೊಂಡು, ಈ ನಾಲ್ಕರಲ್ಲಿ ಒಂದೂ ಸರಿಯಾಗಿ ದೊರೆಯದ ನಮ್ಮ ಹುಡುಗನಿಗೆ 'ನೋಡು, ಅವನು ಏರಿದ; ನೀನು ಏರದಿದ್ದರೆ ತಪ್ಪು ನಿನ್ನದು' ಎನ್ನುವುದು ಯಾವ ನ್ಯಾಯ?

ಇಂತಹ ಕಥೆಗಳು ಹೇಗೆ ಬೆಳೆಯುತ್ತವೆಂಬುದಕ್ಕೆ ಒಂದು ಸಣ್ಣ ನಿದರ್ಶನ. ವರ್ಜಿನಿಯದ ಜಾನ್ ರ್‍ಯಾಂಡಾಲ್ಫ್ ಪೊಕಹಾಂಟಸಳೆಂಬ ಇಂಡಿಯನ್ ರಾಜಕುಮಾರಿಯ ವಂಶದವನೆಂದು ಹೆಮ್ಮೆಪಡುತ್ತಿದ್ದವನು. ಅವನು ಕಾಂಗ್ರೆಸಿನಲ್ಲಿ ಷರ್ಮನ್ನನನ್ನು ಹಂಗಿಸಲು 'ತಮ್ಮ ತೊಗಲಿನ ಮೇಲುಡಿಗೆ ಏನಾಯಿತು?' ಎಂದು ಕೇಳಿದನಂತೆ. 'ಪೊಕಹಾಂಟಸಳ ಸಂತಾನಕ್ಕೆ ಜೋಡು ಮಾಡಿಕೊಡಲು ಕತ್ತರಿಸಿಬಿಟ್ಟೆ' ಎಂದು ಷರ್ಮನ್ ಉತ್ತರ ಕೊಟ್ಟನಂತೆ. ಸೊಗಸಾದ ಮಾತು. ತೊಡಕು ಇಷ್ಟೇ: ರ್‍ಯಾಂಡಾಲ್ಫ್ ಕಾಂಗ್ರೆಸಿಗೆ ಬಂದುದು 1799ರಲ್ಲಿ, ಷರ್ಮನ್ ಸತ್ತು ಆಗಲೇ ಆರು ವರ್ಷವಾಗಿದ್ದಿತು. ಆದರೂ ಕಥೆ ಓಡಾಡುತ್ತಲೇ ಇದೆ. ಏಕೆಂದರೆ ಅದು ನಮಗೆ ಬೇಕು. ಶ್ರೀಮಂತನು ಹಂಗಿಸಬೇಕು, ಕಸುಬುದಾರ ತಿರುಗೇಟು ಕೊಡಬೇಕು, ಕೇಳಿದವರು ಸಮಾಧಾನದಿಂದ ಮನೆಗೆ ಹೋಗಬೇಕು.

ನಿಜವಾದ ಷರ್ಮನ್ನನಿಗೆ ಇಂತಹ ಚಟಾಕಿ ಹಾರಿಸುವ ಬಾಯಿರಲಿಲ್ಲ. ಜಾನ್ ಆಡಮ್ಸ್ ಅವನ ಗೆಳೆಯ, ಅವನ ಪ್ರಾಮಾಣಿಕತೆಯನ್ನು ಬಾಯಿತುಂಬ ಹೊಗಳಿದವನು. ಆ ಆಡಮ್ಸನೇ ತನ್ನ ದಿನಚರಿಯಲ್ಲಿ, ಮಾತನಾಡಲು ಎದ್ದಾಗ ಷರ್ಮನ್ನನ ಕೈಗಳ ಆಟದಷ್ಟು ಒಡ್ಡೊಡ್ಡಾದುದು ಇನ್ನಿಲ್ಲವೆಂದು ಬರೆದುಕೊಂಡಿದ್ದಾನೆ. ರಾಲ್ಫ್ ಅರ್ಲ್ ಬಿಡಿಸಿದ ಅವನ ಚಿತ್ರವೊಂದು ಯೇಲಿನಲ್ಲಿದೆ. ತಲೆಗೆ ಟೋಪನ್ನಿಲ್ಲ, ಮುಖದಲ್ಲಿ ನಗೆಯಿಲ್ಲ. ಸಾದಾ ಮರದ ಕುರ್ಚಿಯಲ್ಲಿ, ಸಾಲ ವಸೂಲಿಗೆ ಬಂದು ಕುಳಿತವನಂತೆ ನೆಟ್ಟಗೆ ಕುಳಿತಿದ್ದಾನೆ.

ಸಾಲ ವಸೂಲಿ ಎಂದೆ. ಅದು ಬರಿಯ ಉಪಮೆಯಲ್ಲ. ಭಾಷಣಕಾರರು ಜೋಡಿನಿಂದ ನೇರವಾಗಿ ರಾಜ್ಯಾಂಗಕ್ಕೆ ಹಾರಿ ನಡುವೆ ಬಿಡುವ ಘಟ್ಟ ಇದೇ. ಶಾಸನಸಭೆಗೆ ಹೋದುದು ಜೋಡು ಹೊಲಿಯುವ ಷರ್ಮನ್ನಲ್ಲ, ಅಂಗಡಿಕಾರ ಷರ್ಮನ್. ಅವನ ಅಂಗಡಿಯ ಗಿರಾಕಿಗಳು ಸಾಲದ ಮೇಲೆ ಸರಕು ಒಯ್ದು ನೆರೆಯ ವಸಾಹತಾದ ರೋಡ್ ಐಲೆಂಡಿನ ಕಾಗದದ ನೋಟು ತಂದು ಕೊಡುತ್ತಿದ್ದರು. ಆ ನೋಟಿನ ಬೆಲೆ ದಿನದಿನಕ್ಕೆ ಇಳಿಯುತ್ತಿದ್ದಿತು; ಒಯ್ದಾಗಿನ ಬೆಲೆಗೂ ತೀರಿಸಿದಾಗಿನ ಬೆಲೆಗೂ ನಡುವಣ ನಷ್ಟ ಅಂಗಡಿಕಾರನದು. 1752ರಲ್ಲಿ ಷರ್ಮನ್ ಗುಪ್ತನಾಮದಿಂದ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿ, ಅಳತೆಗೋಲೇ ಕುಗ್ಗುತ್ತಾ ಹೋದರೆ ಅಳತೆಗೆ ಅರ್ಥವೇನೆಂದು ವಾದಿಸಿದನು. ಬೇಡದ ಹೊರಸರಕನ್ನೂ ರಮ್ಮನ್ನೂ ಕೊಳ್ಳುವುದನ್ನು ಬಿಟ್ಟರೆ ಜನಕ್ಕೆ ಈ ಕಾಗದದ ಹಣವೇ ಬೇಕಾಗದೆಂದು ಹಿತವಚನವನ್ನೂ ಹೇಳಿದನು. ವಾದ ಚೊಕ್ಕವಾಗಿದೆ. ಸಾಲ ಕೊಟ್ಟವನ ಕಡೆಯಿಂದ ನೋಡಿದರೆ ನ್ಯಾಯವೂ ಹೌದು.

ಮೂವತ್ತೈದು ವರ್ಷಗಳ ಮೇಲೆ, 1787ರ ಆಗಸ್ಟ್ 28ರಂದು, ಫಿಲಡೆಲ್ಫಿಯದ ರಾಜ್ಯಾಂಗ ಸಮಾವೇಶದಲ್ಲಿ ಷರ್ಮನ್ನನೂ ಪೆನ್ಸಿಲ್ವೇನಿಯದ ಜೇಮ್ಸ್ ವಿಲ್ಸನ್ನನೂ ಕೂಡಿ, ಯಾವ ರಾಜ್ಯವೂ ಕಾಗದದ ಹಣ ಹೊರಡಿಸಕೂಡದು, ಚಿನ್ನ ಬೆಳ್ಳಿಯ ಹೊರತು ಮತ್ತಾವುದನ್ನೂ ಸಾಲದ ಸಲ್ಲಿಕೆಗೆ ಕಡ್ಡಾಯ ಮಾಡಕೂಡದು ಎಂದು ಸೂಚನೆ ತಂದರು. ಅದು ರಾಜ್ಯಾಂಗದಲ್ಲಿ ಸೇರಿತು. ನ್ಯೂ ಮಿಲ್‌ಫರ್ಡಿನ ಅಂಗಡಿಯ ಖಾತೆ ಪುಸ್ತಕ ಒಂದು ದೇಶದ ಮೂಲಶಾಸನವಾಯಿತು. ಅದರ ಹಿಂದಿನ ಚಳಿಗಾಲದಲ್ಲಷ್ಟೇ ಪಶ್ಚಿಮ ಮೆಸಾಚುಸೆಟ್ಸಿನ ರೈತರು ಸಾಲವೂ ತೆರಿಗೆಯೂ ಹೊರಲಾರದೆ, ಜಪ್ತಿಗೆ ಹೊರಟ ನ್ಯಾಯಾಲಯಗಳ ಬಾಗಿಲು ಮುಚ್ಚಿಸಿ, ಡೇನಿಯಲ್ ಷೇಸನ ಹಿಂದೆ ಬಂದೂಕು ಹಿಡಿದು ನಿಂತಿದ್ದರು. ಅವರಲ್ಲಿಯೂ ಜೋಡು ಹೊಲಿಯುವವರು ಇದ್ದಿರಬೇಕು. ಅವರ ಪರವಾಗಿ ಮಾತನಾಡಬಲ್ಲವನು ಫಿಲಡೆಲ್ಫಿಯದ ಆ ಕೋಣೆಯಲ್ಲಿ ಯಾರಾದರೂ ಇದ್ದರೆ ಅದು ಷರ್ಮನ್ನನೇ ಆಗಿರಬೇಕಾಗಿತ್ತು. ಅವನು ಆಗಲಿಲ್ಲ.

ಅಷ್ಟೇ ಅಲ್ಲ. ಸಮಾವೇಶ ಶುರುವಾದ ಹೊಸತರಲ್ಲಿ, ಮೇ 31ರಂದು, ಕೆಳಮನೆಯ ಸದಸ್ಯರನ್ನು ಜನರೇ ನೇರವಾಗಿ ಆರಿಸಬೇಕೆಂಬ ಸೂಚನೆ ಬಂದಿತು. ಅದನ್ನು ವಿರೋಧಿಸಿದವರಲ್ಲಿ ಷರ್ಮನ್ ಮುಂದೆ. ಜನಕ್ಕೆ ತಿಳಿವಳಿಕೆ ಸಾಲದು, ಅವರನ್ನು ದಾರಿ ತಪ್ಪಿಸುವುದು ಸುಲಭ, ಸರ್ಕಾರದ ವಿಷಯದಲ್ಲಿ ಅವರ ಕೈ ಎಷ್ಟು ಕಡಮೆಯಿದ್ದರೆ ಅಷ್ಟು ಮೇಲು ಎಂಬುದು ಅವನ ವಾದದ ಸಾರ. ಪ್ರತಿನಿಧಿಗಳನ್ನು ರಾಜ್ಯಗಳ ಶಾಸನಸಭೆಗಳೇ ಆರಿಸಲಿ ಎಂದನು. ಜನರು ಆರಿಸಲೇಬೇಕೆಂದು ಅಂದು ಹಟ ಹಿಡಿದವರು ಯಾರು ಗೊತ್ತೆ? ವರ್ಜಿನಿಯದ ದೊಡ್ಡ ಜಮೀನುದಾರ ಜಾರ್ಜ್ ಮೇಸನ್, ಕಾಲೇಜಿನಲ್ಲಿ ಕಲಿತ ಮ್ಯಾಡಿಸನ್, ವಕೀಲ ವಿಲ್ಸನ್. ಉಳಿ ಹಿಡಿದಿದ್ದ ಕೈ ಬೇಡವೆಂದಿತು. ಉಳಿಯನ್ನು ಮುಟ್ಟದ ಕೈಗಳು ಬೇಕೆಂದವು.

ಇಲ್ಲಿ ಒಂದು ಮಾತನ್ನು ಅವನ ಪರವಾಗಿಯೂ ಹೇಳಬೇಕು. ಆರಿಸಿಬಂದವರು ವರ್ಷಕ್ಕೊಮ್ಮೆ ಮತ್ತೆ ಚುನಾವಣೆಗೆ ನಿಲ್ಲಬೇಕು, ರಾಜಧಾನಿಯಲ್ಲಿಯೇ ಕುಳಿತರೆ ಅಲ್ಲಿನ ಚಾಳಿ ಹತ್ತುತ್ತದೆ, ಊರಿಗೆ ಹಿಂದಿರುಗಿ ಜನರೊಡನೆ ಬೆರೆಯಬೇಕು ಎಂದು ಅದೇ ಸಮಾವೇಶದಲ್ಲಿ ಜೂನ್ ತಿಂಗಳಲ್ಲಿ ಹೇಳಿದವನೂ ಇವನೇ. ನಮ್ಮ ಶಾಸಕರಲ್ಲಿ ಎಷ್ಟು ಮಂದಿ ಈ ಮಾತಿಗೆ ಕೈಯೆತ್ತುತ್ತಾರೋ ನೋಡಬೇಕು. ಷರ್ಮನ್ನನಿಗೆ ಜನರ ಮೇಲೆ ತಿರಸ್ಕಾರವಿರಲಿಲ್ಲ, ದೂರದ ಚುನಾವಣೆಯ ಮೇಲೆ ನಂಬಿಕೆಯಿರಲಿಲ್ಲ ಎಂದು ವಾದಿಸುವವರಿದ್ದಾರೆ. ಇರಬಹುದು. ಆದರೆ ಮೇ 31ರ ಮಾತು ಮಾತೇ. 'ಅನಕ್ಷರಸ್ಥರಿಗೆ, ಅರಿಯದವರಿಗೆ ಮತವೇಕೆ?' ಎಂದು ಕಾಫಿ ಹೀರುತ್ತ ಕೇಳುವ ನಮ್ಮ ಪಟ್ಟಣಗಳ ಸಜ್ಜನರು ಷರ್ಮನ್ನನ ಜೀವನಚರಿತ್ರೆಯನ್ನು ಮೆಚ್ಚಿಕೊಳ್ಳುವುದರಲ್ಲಿ ಆಶ್ಚರ್ಯವೇನಿಲ್ಲ. ಒಬ್ಬನು ಏರಿ ಬಂದನೆಂಬ ಸಂತೋಷ ಒಂದು, ಏರಿದವನು ಉಳಿದವರ ವಿಷಯದಲ್ಲಿ ತಮ್ಮಂತೆಯೇ ಯೋಚಿಸಿದನೆಂಬ ನೆಮ್ಮದಿ ಇನ್ನೊಂದು.

ಅವನ ಹೆಸರು ಚರಿತ್ರೆಯಲ್ಲಿ ನಿಂತಿರುವುದು ಮುಖ್ಯವಾಗಿ ಒಂದು ರಾಜಿಗಾಗಿ. ದೊಡ್ಡ ರಾಜ್ಯಗಳು ಜನಸಂಖ್ಯೆಗೆ ತಕ್ಕ ಸ್ಥಾನ ಕೇಳಿದವು, ಸಣ್ಣವು ಸಮಾನ ಸ್ಥಾನ ಕೇಳಿದವು. ಜೂನ್ 11ರಂದು ಷರ್ಮನ್, ಒಂದು ಮನೆಯಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ ಎಂದು ಸೂಚಿಸಿದನು. ಅಂದು ಐದಕ್ಕೆ ಆರು ಮತಗಳಿಂದ ಬಿದ್ದುಹೋಯಿತು. ಒಂದು ತಿಂಗಳು ಸೆಕೆಯಲ್ಲಿ ಕಾದಾಡಿದ ಮೇಲೆ ಜುಲೈ 16ರಂದು ನಾಲ್ಕಕ್ಕೆ ಐದು ಮತಗಳಿಂದ ಗೆದ್ದಿತು. ಮೆಸಾಚುಸೆಟ್ಸಿನವರು ತಮ್ಮೊಳಗೇ ಇಬ್ಭಾಗವಾಗಿ ಅದರ ಮತ ಲೆಕ್ಕಕ್ಕೆ ಬರಲಿಲ್ಲ. ಇದು ಅಂದಿನ ಹೊಳಹಲ್ಲ. 1776ರಲ್ಲಿಯೇ ಕಾಂಗ್ರೆಸಿನಲ್ಲಿ, ಮತವನ್ನು ಎರಡು ಬಗೆಯಾಗಿ ಎಣಿಸಬೇಕು, ತಲೆ ಎಣಿಸಿದಾಗಲೂ ವಸಾಹತು ಎಣಿಸಿದಾಗಲೂ ಬಹುಮತವಿರಬೇಕು ಎಂದು ಅವನು ಹೇಳಿದ್ದನ್ನು ಆಡಮ್ಸ್ ಗುರುತು ಹಾಕಿಕೊಂಡಿದ್ದಾನೆ. ಹನ್ನೊಂದು ವರ್ಷ ಒಂದು ಸರಕನ್ನು ಕಪಾಟಿನಲ್ಲಿಟ್ಟು, ಗಿರಾಕಿ ಬಂದಾಗ ತೆಗೆದು ಮುಂದಿಟ್ಟನು. ಇದು ಅಂಗಡಿಕಾರನ ಜಾಣತನ. ಇದಕ್ಕೆ ನಾನು ತಲೆಬಾಗುತ್ತೇನೆ. ಆ ರಾಜಿಯಿಲ್ಲದಿದ್ದರೆ ಒಕ್ಕೂಟವೇ ಆಗುತ್ತಿರಲಿಲ್ಲವೇನೋ. ಅದರ ಬಡ್ಡಿಯನ್ನು ಅಮೆರಿಕ ಇಂದಿಗೂ ತೆರುತ್ತಿದೆ. 2020ರ ಜನಗಣತಿಯಲ್ಲಿ ಕ್ಯಾಲಿಫೋರ್ನಿಯಕ್ಕೆ ಸುಮಾರು 3 ಕೋಟಿ 95 ಲಕ್ಷ ಜನ, ವಯೋಮಿಂಗಿಗೆ 6 ಲಕ್ಷವೂ ಇಲ್ಲ. ಸೆನೆಟ್ಟಿನಲ್ಲಿ ಎರಡಕ್ಕೂ ಎರಡೆರಡೇ ಸ್ಥಾನ. ನಮ್ಮ ರಾಜ್ಯಾಂಗವನ್ನು ಬರೆದವರು ಇದನ್ನು ಒಪ್ಪಲಿಲ್ಲ. ನಮ್ಮ ರಾಜ್ಯಸಭೆಯಲ್ಲಿ ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12.

ರಾಜಿ ಮಾಡಬಲ್ಲವನೆಂದು ಹೊಗಳುವವರು, ಅವನು ಮಾಡಿದ ಇನ್ನೊಂದು ರಾಜಿಯ ಕಡೆಗೂ ಸ್ವಲ್ಪ ಕಣ್ಣೆತ್ತಿ ನೋಡಬೇಕು.

ನ್ಯೂ ಇಂಗ್ಲೆಂಡಿನಲ್ಲಿ ಜೋಡು ಹೊಲಿಯುವವನಿಗೆ ಪಾತಾಳವಿರಲಿಲ್ಲವೆಂದೆ. ಪಾತಾಳವಿದ್ದಿತು, ಅದರಲ್ಲಿದ್ದವರು ಬೇರೆ. ನಮ್ಮ ಸಮಗಾರ ಕೇರಿಗೆ ಅಲ್ಲಿ ಸಾಟಿಯನ್ನು ಹುಡುಕುವುದಾದರೆ ಷರ್ಮನ್ನನ ಮನೆಯಲ್ಲಿ ಹುಡುಕಬಾರದು, ಆಫ್ರಿಕದಿಂದ ಸರಪಳಿಯಲ್ಲಿ ಬಂದವರ ಗುಡಿಸಲಿನಲ್ಲಿ ಹುಡುಕಬೇಕು. ಕೆಳಗಿನಿಂದ ಬಂದವನು ಕೆಳಗಿನವರನ್ನು ಮರೆಯಲಾರನೆಂಬ ನಂಬಿಕೆಗೆ ಬೆಲೆಯಿದೆಯೋ ಇಲ್ಲವೋ ಎಂಬುದು ತಿಳಿಯುವುದು ಅಲ್ಲಿ.

ಷರ್ಮನ್ ಗುಲಾಮಗಿರಿಯನ್ನು ಮೆಚ್ಚಿದವನಲ್ಲ. 1784ರಲ್ಲಿ ಕನೆಕ್ಟಿಕಟ್ಟಿನ ಕಾನೂನುಗಳನ್ನೆಲ್ಲ ಪರಿಷ್ಕರಿಸಿದ ಇಬ್ಬರಲ್ಲಿ ಅವನೊಬ್ಬ; ಆ ಪರಿಷ್ಕರಣದಲ್ಲಿ, ಆ ವರ್ಷದ ಮಾರ್ಚ್ 1ರ ಮೇಲೆ ಗುಲಾಮ ತಾಯಿಗೆ ಹುಟ್ಟಿದ ಮಗು ಇಪ್ಪತ್ತೈದು ವರ್ಷಕ್ಕೆ ಸ್ವತಂತ್ರವಾಗಬೇಕೆಂಬ ವಿಧಿ ಸೇರಿತು. (ಅದಕ್ಕೆ ಮೊದಲು ಹುಟ್ಟಿದವರ ಗತಿಯೇನು? ಕನೆಕ್ಟಿಕಟ್ಟಿನಲ್ಲಿ ಗುಲಾಮಗಿರಿ ಪೂರ್ತಿ ರದ್ದಾದುದು 1848ರಲ್ಲಿ.) ಆದರೆ 1787ರ ಆಗಸ್ಟ್ 22ರಂದು, ಆಫ್ರಿಕದಿಂದ ಗುಲಾಮರನ್ನು ತರುವ ವ್ಯಾಪಾರವನ್ನು ನಿಲ್ಲಿಸಬೇಕೆ ಎಂಬ ಪ್ರಶ್ನೆ ಎದ್ದಾಗ ಅವನು ಹೇಳಿದುದು ಇದು: ಈ ವ್ಯಾಪಾರ ತನಗೆ ಒಪ್ಪಿಗೆಯಿಲ್ಲ, ಆದರೆ ರಾಜ್ಯಗಳಿಗೆ ಈಗ ಆ ಹಕ್ಕು ಇದೆ, ಹೊಸ ಸರ್ಕಾರಕ್ಕೆ ಆದಷ್ಟು ಕಡಮೆ ವಿರೋಧ ಬರುವಂತೆ ನೋಡಿಕೊಳ್ಳಬೇಕು, ಆದುದರಿಂದ ಇದನ್ನು ಇದ್ದಂತೆಯೇ ಬಿಡುವುದು ಮೇಲು, ಗುಲಾಮಗಿರಿ ತಾನಾಗಿಯೇ ಕ್ರಮೇಣ ಹೋಗುತ್ತದೆ, ಕೆಲಸ ಬೇಗ ಮುಗಿಸೋಣ. ಆ ದಿನ ಈ ವ್ಯಾಪಾರವನ್ನು ಶಪಿಸಿ ಮಾತನಾಡಿದವನು ಮತ್ತೆ ಅದೇ ಜಾರ್ಜ್ ಮೇಸನ್, ತಾನೇ ನೂರಾರು ಗುಲಾಮರ ಒಡೆಯ. ಮೇಸನ್ನನದು ಬೂಟಾಟಿಕೆಯೆನ್ನಿ, ನಾನು ಅಡ್ಡ ಬರುವುದಿಲ್ಲ. ಆದರೆ ಷರ್ಮನ್ನನದಕ್ಕೆ ಏನೆನ್ನುತ್ತೀರಿ?

ಮೂರು ದಿನ ಕಳೆದು ಇನ್ನೊಂದು ಪ್ರಶ್ನೆ ಬಂದಿತು. ತರಿಸಿಕೊಂಡ ಗುಲಾಮರ ಮೇಲೆ ತಲೆಗಿಷ್ಟು ಎಂದು ಸುಂಕ ಹಾಕಬಹುದೆ? ಷರ್ಮನ್ ಎದ್ದು ವಿರೋಧಿಸಿದನು. ಸುಂಕ ಹಾಕಿದರೆ ಮನುಷ್ಯರನ್ನು ಸೊತ್ತೆಂದು ಒಪ್ಪಿಕೊಂಡಂತಾಗುತ್ತದೆ ಎಂಬುದು ಅವನ ಆಕ್ಷೇಪ. ಎಷ್ಟು ಸೂಕ್ಷ್ಮವಾದ ಆತ್ಮಸಾಕ್ಷಿ! ಹಡಗಿನಲ್ಲಿ ತುಂಬಿ ತರುವುದಕ್ಕೆ ಅಡ್ಡಿಯಿಲ್ಲ, ಕಾಗದದ ಮೇಲೆ ಸೊತ್ತೆಂದು ಬರೆಯುವುದಕ್ಕೆ ಅಡ್ಡಿ. ಕೊನೆಗೆ 1808ರವರೆಗೆ ಕಾಂಗ್ರೆಸು ಆ ವ್ಯಾಪಾರವನ್ನು ನಿಷೇಧಿಸಕೂಡದು, ತಲೆಗೆ ಹತ್ತು ಡಾಲರಿಗೆ ಮೀರದ ಸುಂಕ ಹಾಕಬಹುದು ಎಂದು ಆಯಿತು. ಗುಲಾಮರೆಂಬ ಮಾತನ್ನು ಮಾತ್ರ ರಾಜ್ಯಾಂಗದಲ್ಲಿ ಎಲ್ಲಿಯೂ ಬರೆಯಲಿಲ್ಲ. 'ವ್ಯಕ್ತಿಗಳು' ಎಂದು ಬರೆದು ಕೈ ತೊಳೆದುಕೊಂಡರು.

ಆಗಸ್ಟ್ 28, ಕಾಗದದ ಹಣವನ್ನು ನಿಷೇಧಿಸಿದ ದಿನವೆಂದು ಮೇಲೆ ಹೇಳಿದೆನಲ್ಲ, ಅದೇ ದಿನ ದಕ್ಷಿಣದವರು, ಓಡಿಹೋದ ಗುಲಾಮರನ್ನು ಅಪರಾಧಿಗಳಂತೆ ಹಿಡಿದು ಒಪ್ಪಿಸಬೇಕೆಂದು ಕೇಳಿದರು. ಷರ್ಮನ್ ಒಪ್ಪಲಿಲ್ಲ. ಗುಲಾಮನನ್ನು ಸರ್ಕಾರ ಹಿಡಿದುಕೊಡಬೇಕೆಂದರೆ ಓಡಿಹೋದ ಕುದುರೆಯನ್ನೂ ಹಿಡಿದುಕೊಡಬೇಕಾದೀತು ಎಂಬರ್ಥದ ಮಾತನ್ನು ಆಡಿದನು. ಅವನಿಗೆ ನೋವಾದುದು ಗುಲಾಮನಿಗಾಗಿಯೋ, ಬೊಕ್ಕಸದ ಖರ್ಚಿಗಾಗಿಯೋ? ಮಾತನ್ನು ಎರಡು ಬಗೆಯಾಗಿಯೂ ಓದಬಹುದು. ಮಾರನೆಯ ದಿನ ಅದೇ ಸೂಚನೆ ಸ್ವಲ್ಪ ಬೇರೆ ಮಾತುಗಳಲ್ಲಿ ಮತ್ತೆ ಬಂದಾಗ ಒಂದು ವಿರೋಧದ ಧ್ವನಿಯೂ ಇಲ್ಲದೆ ಅಂಗೀಕಾರವಾಯಿತು. ಷರ್ಮನ್ನನದೂ ಇಲ್ಲ.

'ಆ ಕಾಲಕ್ಕೆ ಅದೇ ಸಾಧ್ಯವಿದ್ದುದು' ಎನ್ನುವವರಿಗೆ ನನ್ನ ಉತ್ತರ ಸುಲಭ. ಆಗಲಿ. ಹಾಗಾದರೆ ಅವನನ್ನು ಚತುರ ರಾಜಕಾರಣಿಯೆಂದು ಕರೆಯಿರಿ, ಬಡವರ ಮಗ ಬಡವರಿಗಾದನೆಂದು ಕರೆಯಬೇಡಿ. ಎರಡು ಕಡೆಯ ಹೊಗಳಿಕೆಯನ್ನೂ ಒಬ್ಬನಿಗೇ ಕೊಡುವುದು ಲೆಕ್ಕಕ್ಕೆ ಸರಿಹೋಗುವುದಿಲ್ಲ. ಷರ್ಮನ್ನನೇ ಅಂತಹ ಖಾತೆಯನ್ನು ತಿರಸ್ಕರಿಸುತ್ತಿದ್ದನು.

ಜೋಡು ಹೊಲಿಯುವವನ ಕಥೆಯೇ ಬೇಕೆಂದರೆ ಇನ್ನೊಬ್ಬನಿದ್ದಾನೆ. ಜಾರ್ಜ್ ರಾಬರ್ಟ್ ಟ್ವೆಲ್ವ್ಸ್ ಹ್ಯೂಸ್. 1742ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದವನು. ಮೋಟು ಆಳು, ಅಷ್ಟಕ್ಕಷ್ಟೇ ಓದು. ಅವನಿಗೆ ಹಾರ್ವರ್ಡಿನ ಪಾದ್ರಿ ಸಿಗಲಿಲ್ಲ, ಅಳೆಯಲು ಹೊಸ ಭೂಮಿ ಸಿಗಲಿಲ್ಲ. ಒಂದು ಕೋಟಿನ ಬಾಕಿಗಾಗಿ ಸಾಲಗಾರರ ಸೆರೆಮನೆಯನ್ನೂ ಕಂಡನು. 1770ರಲ್ಲಿ ಬ್ರಿಟಿಷ್ ಸಿಪಾಯಿಗಳು ಬಾಸ್ಟನ್ನಿನ ಬೀದಿಯಲ್ಲಿ ಗುಂಡು ಹಾರಿಸಿದಾಗ ಆ ಗುಂಪಿನಲ್ಲಿದ್ದನು. 1773ರ ಡಿಸೆಂಬರಿನಲ್ಲಿ ಹಡಗು ಹತ್ತಿ ಚಹದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದವರಲ್ಲಿದ್ದನು. ಯುದ್ಧದಲ್ಲಿ ದಂಡಿಗೂ ಹೋದನು, ಹಡಗಿಗೂ ಹೋದನು. ಯಾವ ದಸ್ತಾವೇಜಿಗೂ ರುಜು ಹಾಕಲಿಲ್ಲ. ಹಾಕೆಂದು ಯಾರೂ ಕರೆಯಲಿಲ್ಲ. ಬಡವನಾಗಿ ಹೋದವನು ಬಡವನಾಗಿಯೇ ಹಿಂದಿರುಗಿದನು. ಅರವತ್ತು ವರ್ಷ ಅವನ ನೆನಪು ಯಾರಿಗೂ ಬರಲಿಲ್ಲ. 1830ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಮೂಲೆಯ ಹಳ್ಳಿಯೊಂದರಲ್ಲಿ ಅವನನ್ನು ಕಂಡುಹಿಡಿದು, 1835ರಲ್ಲಿ ಬಾಸ್ಟನ್ನಿಗೆ ಕರೆಸಿ ಮೆರವಣಿಗೆ ಮಾಡಿ, ಚಿತ್ರ ಬರೆಯಿಸಿ, ನೂರು ವರ್ಷದ ಮುದುಕನೆಂದು ಚಿತ್ರಕ್ಕೆ ಹೆಸರಿಟ್ಟರು. ಅವನಿಗೆ ಆಗ ತೊಂಬತ್ತಮೂರು. ಐದು ವರ್ಷದ ಮೇಲೆ ತೀರಿಕೊಂಡನು.

ಷರ್ಮನ್ನನಷ್ಟೇ ದುಡಿದವನು ಹ್ಯೂಸ್. ಪ್ರಾಣಕ್ಕೆ ಒದಗಿದ ಅಪಾಯವನ್ನು ಲೆಕ್ಕ ಹಾಕಿದರೆ ಹೆಚ್ಚೇ. ಕ್ರಾಂತಿಯಾದ ಮೇಲೆ ಕಾಗದದ ಹಣ ಕೂಡದೆಂದು ಮೂಲಶಾಸನ ಬರೆದ ಕೋಣೆಯಲ್ಲಿ ಸಾಲ ಕೊಟ್ಟವನಿದ್ದನು, ಸಾಲಕ್ಕೆ ಸೆರೆಹೋದವನು ಇರಲಿಲ್ಲ. ನಮ್ಮ ಭಾಷಣಕಾರರು ಹ್ಯೂಸನ ಕಥೆಯನ್ನು ಹೇಳುವುದನ್ನು ನಾನು ಒಮ್ಮೆಯೂ ಕೇಳಿಲ್ಲ. ಚಪ್ಪಾಳೆ ಬೀಳುವ ಕಥೆಯಲ್ಲ ಅದು.

ಇಷ್ಟು ಹೇಳಿದ ಮೇಲೆ ಷರ್ಮನ್ನನಿಂದ ಅಮೆರಿಕಕ್ಕಾದ ಒಂದು ಉಪಕಾರವನ್ನು ಹೇಳದಿದ್ದರೆ ನಾನೂ ಏಕಪಕ್ಷೀಯನಾಗುತ್ತೇನೆ. 1789ರಲ್ಲಿ ಪ್ರಜೆಗಳ ಹಕ್ಕುಗಳನ್ನು ರಾಜ್ಯಾಂಗದಲ್ಲಿ ಸೇರಿಸುವಾಗ, ತಿದ್ದುಪಡಿಗಳನ್ನು ಮೂಲದ ಆಯಾ ಜಾಗಗಳಲ್ಲಿಯೇ ಹೆಣೆದುಬಿಡಬೇಕೆಂದು ಮ್ಯಾಡಿಸನ್ ಬಯಸಿದನು. ಹಕ್ಕುಗಳ ಪಟ್ಟಿಯೇ ಅಗತ್ಯವಿಲ್ಲವೆಂದು ಹಿಂದೆ ವಾದಿಸಿದ್ದ ಷರ್ಮನ್ ಇಲ್ಲಿಯೂ ಅಡ್ಡಬಂದನು. ಹಿತ್ತಾಳೆ, ಕಬ್ಬಿಣ, ಜೇಡಿಮಣ್ಣು ಒಂದಕ್ಕೊಂದು ಬೆಸೆಯುವುದಿಲ್ಲ, ಮೊದಲಿನವರು ರುಜು ಹಾಕಿದುದು ಹಾಗೆಯೇ ಇರಲಿ, ಹೊಸದನ್ನು ಕೊನೆಯಲ್ಲಿ ಸೇರಿಸಿ ಎಂದು ಹಟ ಹಿಡಿದನು. ಮೊದಲ ಸಲ ಸೋತು, ಆಗಸ್ಟ್ 19ರಂದು ಗೆದ್ದನು. ನಮ್ಮಲ್ಲಿ ತಿದ್ದುಪಡಿಯನ್ನು ಮೂಲದೊಳಗೇ ಹೆಣೆಯುತ್ತೇವೆ. 1976ರಲ್ಲಿ ಪೀಠಿಕೆಗೆ ಸೇರಿಸಿದ ಮಾತುಗಳನ್ನು ಅಡಿಟಿಪ್ಪಣಿ ನೋಡದೆ ಓದುವವನು ಅವು 1950ರಿಂದಲೂ ಇದ್ದುವೆಂದೇ ತಿಳಿಯುತ್ತಾನೆ. ಷರ್ಮನ್ನನ ದೇಶದಲ್ಲಿ ಹಾಗಾಗುವುದಿಲ್ಲ. 1865ರಲ್ಲಿ ಗುಲಾಮಗಿರಿಯನ್ನು ರದ್ದುಮಾಡಿದ ಹದಿಮೂರನೆಯ ತಿದ್ದುಪಡಿ ಕೊನೆಯಲ್ಲಿದೆ. ಗುಲಾಮನನ್ನು ಐದರಲ್ಲಿ ಮೂರು ಪಾಲು ಮನುಷ್ಯನೆಂದು ಎಣಿಸಿದ ವಿಧಿ, 1808ರವರೆಗೆ ವ್ಯಾಪಾರಕ್ಕೆ ಕೊಟ್ಟ ರಕ್ಷಣೆ, ಓಡಿಹೋದವನನ್ನು ಹಿಡಿದು ಒಪ್ಪಿಸಬೇಕೆಂಬ ಕಟ್ಟಳೆ, ಒಂದಕ್ಕೂ ಈಗ ಜೀವವಿಲ್ಲ. ಆದರೆ ಒಂದಕ್ಷರವೂ ಅಳಿಯದೆ, ಅವನು ರುಜು ಹಾಕಿದ ದಿನ ಹೇಗಿದ್ದುವೋ ಹಾಗೆಯೇ, ಮೇಲಿನ ಪುಟಗಳಲ್ಲಿ ಇಂದಿಗೂ ಅಚ್ಚಾಗುತ್ತಿವೆ.